ಓರೆ ಸೊನ್ನೆ

ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಕ್ರಾಸ್ತರ ಕೋವಿ ಅಂಗಡಿ.
ಎಡಕ್ಕೆ ಕೊಡೆ ರಿಪೇರಿ, ಬಲಕ್ಕೆ ಹಲ್ಲಿನ ಡಾಕ್ಟರು.
ಹದಿನೇಳು ವರ್ಷದಿಂದ ಅಲ್ಲಿ ನಾನು ಪುಸ್ತಕ ಬರೆಯುವವಳು,
ಇಂದಿಗೂ ಒಂದು ಈಡು ಹೊಡೆದದ್ದಿಲ್ಲ.
ಕೋವಿ ಎಂದರೆ ನನಗೊಂದು ನಂಬರು,
ನಳಿಗೆಯ ಬುಡದಲ್ಲಿ ಕೆತ್ತಿದ್ದು;
ಭೂತಗನ್ನಡಿ ಹಿಡಿದು ಓದಿ,
ಎರಡು ಸಲ ಗಟ್ಟಿಯಾಗಿ ಹೇಳಿ, ಬರೆಯಬೇಕು.

ಕೊಳ್ಳುವವರು ಬರುವುದು ಕಾಗದಗಳೆಲ್ಲ ಮುಗಿದ ಮೇಲೆ.
ಅರ್ಜಿ ಕಲೆಕ್ಟರೇಟಿಗೆ ಹೋಗಿ, ಪೊಲೀಸು ಮನೆವರೆಗೆ ಬಂದು,
ಕುಡಿಯುತ್ತಾನಾ, ಹೆಂಡತಿಗೆ ಹೊಡೆಯುತ್ತಾನಾ,
ಗಡಿಕಲ್ಲಿನ ತಕರಾರು ಉಂಟಾ
ಎಂದು ನೆರೆಯವರನ್ನು ಕೇಳಿ,
ತಲೆ ಸರಿಯುಂಟೆಂದು ಡಾಕ್ಟರು ಬರೆದು,
ಲೈಸೆನ್ಸು ಕೈಗೆ ಸಿಗುವಾಗ
ಹಂದಿ ಮೂರು ಸೂಲು ಮುಗಿಸಿರುತ್ತದೆ.

ಐತ್ತಪ್ಪ ನಾಯ್ಕರು ಮುಳ್ಳೇರಿಯದಿಂದಾಚೆ.
ಒಂಟಿ ನಳಿಗೆ, ಹನ್ನೆರಡು ಬೋರು.
ಸುಟ್ಟ ಖಾಲಿ ತಂದರೆ ಮಾತ್ರ ಹೊಸ ತೋಟೆ.
ಕಾನೂನು ಅಷ್ಟಿಷ್ಟು ಸಡಿಲ ಬಿಟ್ಟೀತು,
ಕ್ರಾಸ್ತರು ಬಿಡುವವರಲ್ಲ: ಹತ್ತಕ್ಕೆ ಹತ್ತು.
ಹಾರ್ಲಿಕ್ಸ್ ಬಾಟ್ಲಿಯಿಂದ ಅವರು ಮೇಜಿಗೆ ಸುರಿದರೆ
ಷಷ್ಠಿಯ ಮಾರನೇ ದಿನದ ವಾಸನೆ, ಆರಿದ ಕದಿನದ್ದು.

ಮಕರ ತಿಂಗಳ ಒಂದು ಸಂಜೆ ಎಣಿಸಿದೆ. ಒಂಬತ್ತು.
ಮತ್ತೆ ಎಣಿಸಿದೆ.
"ಒಂದು ಹೊಳೆಗೆ ಬಿತ್ತು ಅಕ್ಕಾ, ದಾಟುವಾಗ."
ಕೊನೆಯ ಬಸ್ಸಿಗೆ ಹತ್ತು ನಿಮಿಷ.
ಸರಿಯಾದ ಚಿಲ್ಲರೆ ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು,
ನೋಟು ಬೆವರಿತ್ತು.
ಹತ್ತು ಎಂದು ಬರೆದೆ.
ಸೊನ್ನೆ ಸ್ವಲ್ಪ ಓರೆಯಾಯಿತು.

ಮೀನದಲ್ಲಿ ಎಸ್ಸೈ ಬಂದರು.
ಧನುವಿನ ರಾತ್ರಿಯೊಂದರಲ್ಲಿ ಗೇರುಗುಡ್ಡೆಯಲ್ಲಿ
ಕುಂಞಣ್ಣ ಪಾಟಾಳಿ ಸತ್ತು ಬಿದ್ದಿದ್ದ.
ಆಡು ಮೇಯಿಸುವ ಹುಡುಗನಿಗೆ ಆಮೇಲೆ
ತರಗೆಲೆಯಡಿ ಒಂದು ಖಾಲಿ ತೋಟೆ ಸಿಕ್ಕಿತಂತೆ.
ಅದರ ತಳದಲ್ಲಿ ಕೋವಿಯ ಮುಳ್ಳು ಕುಟ್ಟಿದ ಕುಳಿ;
ಲ್ಯಾಬಿನವರು ಆ ಕುಳಿ ಓದಿ
ನಾಯ್ಕರ ಕೋವಿಯದೇ ಎಂದಿದ್ದಾರೆ.
ಆ ಕೋವಿಯ ಖಾಲಿಯೆಲ್ಲ ಅಂಗಡಿಗೆ ಬಂದಿದೆ
ಎನ್ನುತ್ತದೆ ನನ್ನ ಪುಸ್ತಕ.
"ಎರಡರಲ್ಲಿ ಒಂದು ಸುಳ್ಳು" ಎಂದರು.
ಲ್ಯಾಬಿಗೆ ಯಾರ ಬಸ್ಸೂ ತಪ್ಪುವುದಿಲ್ಲವಲ್ಲ.

ಹೇಳಿದೆ, ಕನ್ನಡದಲ್ಲಿ.
ರೈಟರ್ ಬರೆದುಕೊಂಡರು, ಮಲಯಾಳದಲ್ಲಿ.
ಓದಿ ಹೇಳುವಾಗ ಒಂದು ಕಡೆ 'ಅಶ್ರದ್ಧ' ಎಂದರು.
ಅವರ ಮಾತಿನಲ್ಲಿ ಅದು ಗಮನ ತಪ್ಪಿದ್ದು,
ನನ್ನ ಕಿವಿಗೆ ಬಿದ್ದದ್ದು ನಂಬಿಕೆ ಇಲ್ಲದ್ದು.
"ಗಮನ ಇತ್ತು ಸಾರ್, ಎರಡು ಸಲ ಎಣಿಸಿದ್ದೆ.
ನಂಬಿಕೆಯೂ ಇತ್ತು. ತಪ್ಪಿದ್ದು ಅದರಿಂದಲೇ."
ರೈಟರ್ ಎಸ್ಸೈಯ ಮುಖ ನೋಡಿದರು,
ಎಸ್ಸೈ ಗಡಿಯಾರ ನೋಡಿದರು.
ಶಬ್ದ ಹಾಗೆಯೇ ಉಳಿಯಿತು.
ಪೊಲೀಸರ ಮುಂದೆ ಹೇಳಿದ್ದಕ್ಕೆ ಸಹಿ ಬೇಡವಂತೆ.
ಪೆನ್ನಿನವರೆಗೆ ಹೋದ ಕೈ ಹಿಂದೆ ಬಂತು.

ಪುಸ್ತಕ ಕೊಂಡುಹೋದರು, ಮಹಜರು ಮಾಡಿ:
ಹಸಿರು ಬಟ್ಟೆಯ ರಟ್ಟು, ಇನ್ನೂರು ಹಾಳೆ,
ನೂರ ಹನ್ನೊಂದನೇ ಪುಟದಲ್ಲಿ ಓರೆ ಸೊನ್ನೆ ಒಂದು.
ಪಂಚರಾಗಿ ಕೊಡೆಯವನೂ ಹಲ್ಲಿನ ಡಾಕ್ಟರೂ ರುಜು ಹಾಕಿದರು.

ಹಂದಿ ಎಂದು ಹೊಡೆದರೋ, ಮನುಷ್ಯ ಎಂದೇ ಹೊಡೆದರೋ,
ಮಾಡಿಗೆ ಸಿಕ್ಕಿಸಿದ ಕೋವಿಯನ್ನು ಬೇರೆ ಯಾರಾದರೂ ಇಳಿಸಿದರೋ,
ಅದು ಕೋರ್ಟಿನಲ್ಲಿ ಗೊತ್ತಾಗಬೇಕು.
ಗೊತ್ತಾಗದೆಯೂ ಇರಬಹುದು.
ನಾಯ್ಕರ ಹೆಂಡತಿ ಒಮ್ಮೆ ಬಂದಿದ್ದರು,
ಏನೂ ಕೇಳಲಿಲ್ಲ,
ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕುಳಿತು ನೀರು ಕುಡಿದು ಹೋದರು.

ಕ್ರಾಸ್ತರು ಹೊಸ ಪುಸ್ತಕ ತಂದಿಟ್ಟಿದ್ದಾರೆ.
ನಾಳೆ ಪೆರ್ಲದಿಂದ ಯಾರೋ ಬರುತ್ತಾರಂತೆ, ಮೊದಲ ಪುಟಕ್ಕೆ.
ಬಸ್ಸು ಎಷ್ಟು ಗಂಟೆಗೆಂದು
ಕೇಳಬಾರದು ಎಂದುಕೊಂಡಿದ್ದೇನೆ.